ಅಪ್ಪನ ಗ್ರಾಮೋಫೋನಿನ ಪಟ್ಟಾ

ಜರ್ಮನ್ ಪಾತ್ರೆ ಕರಗುವ ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಮತ್ತೆ ಹೊರಗೆ ಹೋಗುವುದಿಲ್ಲ. ಜರ್ಮನ್ ಎಂದರೆ ನಮ್ಮ ಕಡೆ ಅಲ್ಯುಮಿನಿಯಂ. ತಳ ಸುಟ್ಟ ಪಾತೇಲಿ, ಹಿಡಿಕೆ ಕಿತ್ತ ಬೋಗುಣಿ, ಎಮ್ಮೆಗೆ ಹಿಂಡಿ ಕಲಸಿ ಕಲಸಿ ಕಪ್ಪಾದ ಡಬರಿ, ಎಲ್ಲವನ್ನೂ ಸುತ್ತಿಗೆಯಿಂದ ಜಜ್ಜಿ ಕಬ್ಬಿಣದ ಕಡಾಯಿಗೆ ತುಂಬಿ ಅಪ್ಪ ಅದನ್ನು ಅವ್ವನ ಒಲೆಯ ಮೇಲೆ ಇಟ್ಟಿದ್ದ. ಕುಲುಮೆಯಿಂದ ಎರವಲು ತಂದ ತಿದಿಯನ್ನು ಒತ್ತುತ್ತ ಕೂತಿದ್ದ. ಲೋಹ ಕರಗುವ ಮೊದಲು ಅದಕ್ಕೆ ಹತ್ತಿದ ಜಿಡ್ಡು ಸುಡುತ್ತದೆ. ವರ್ಷಗಟ್ಟಲೆ ಕುಡಿದ ಎಣ್ಣೆ, ಹಾಲಿನ ಕೆನೆ, ಹುಳಿತ ಹಿಂಡಿ, ಬೂದಿ, ಎಲ್ಲ ಒಂದೇ ಸಲ ಕಪ್ಪು ಹೊಗೆಯಾಗಿ ಎದ್ದು ಅಡಿಗೆ ಮನೆಯ ಜಂತಿಗೆ ಹೋಗಿ ಕೂಡುತ್ತದೆ. ಆ ದಿನ ಅವ್ವ ಮಾಡಿದ ಝುಣಕದಲ್ಲಿ ಆ ನಾತ ಇತ್ತು, ಮರುದಿನದ ಮಜ್ಜಿಗೆಯಲ್ಲೂ ಇತ್ತು. ವಾರವಾದರೂ ನನ್ನ ಹಾಸಿಗೆಯ ಕೌದಿಯಿಂದ ಹೋಗಿರಲಿಲ್ಲ. ಅಪ್ಪ ಕರಗಿದ ಲೋಹವನ್ನು ಹೊಳೆಯ ಉಸುಕಿನ ಅಚ್ಚಿಗೆ ಹೊಯ್ದ. ಅಚ್ಚು ಮಾಡಿದ್ದು ಯಾವುದರಿಂದ ಅಂತೀರಿ? ಅವ್ವ ರೊಟ್ಟಿ ಹಿಟ್ಟು ನಾದುವ ಸಣ್ಣ ಪರಾತವನ್ನು ಉಸುಕಿಗೆ ಒತ್ತಿ. ಆಮೇಲೆ ಎರಡು ದಿನ ರೊಟ್ಟಿ ಕಚ್ಚಿದರೆ ಹಲ್ಲಿನಲ್ಲಿ ಕರಕರ.

ಅಪ್ಪ ಹೀಗೆ ಪಾತ್ರೆ ಕರಗಿಸಿ ಮಾಡುತ್ತಿದ್ದುದು ಗ್ರಾಮೋಫೋನಿನ ತಿರುಗುವ ತಟ್ಟೆಯನ್ನು. ಕೊಳ್ಳದೆ ಮಾಡುವ ಹಟ ಯಾಕೆ ಹುಟ್ಟಿತು ಎಂದರೆ ನಮ್ಮ ಮನೆತನದ ವಾಟಣಿಯನ್ನು, ಆಸ್ತಿ ಪಾಲಾದದ್ದನ್ನು, ಹೇಳಬೇಕು. ಅಜ್ಜ ಸತ್ತ ಮೇಲೆ ಅಪ್ಪ ಮತ್ತು ಕಾಕಾ ಬೇರೆಯಾದಾಗ ಹೊಲ, ಎತ್ತು, ತಾಮ್ರದ ಹಂಡೆ ಎಲ್ಲ ಸರಿಪಾಲಾಯಿತಂತೆ. ಉಳಿದದ್ದು ಅಜ್ಜನ ಗ್ರಾಮೋಫೋನು. ಅದನ್ನು ಯಾರಿಗೆ ಕೊಟ್ಟರೂ ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಪಂಚರು ಕೂತು ಯೋಚಿಸಿ ಪೆಟ್ಟಿಗೆಯನ್ನು ಕಾಕಾನ ಪಾಲಿಗೆ ಹಾಕಿದರು, ಹಾಡಿನ ಪ್ಲೇಟುಗಳನ್ನು ನಮ್ಮ ಪಾಲಿಗೆ. ಇಬ್ಬರೂ ಸಮಾಧಾನದಿಂದ ಎದ್ದು ಹೋದರು ಎಂದು ಅವ್ವ ಹೇಳುತ್ತಿದ್ದಳು. ಕಾಕಾ ದಿಗ್ಗೇವಾಡಿಗೆ ಹೆಂಡತಿಯ ತವರಿಗೆ ಹೋಗಿ ನೆಲೆಸಿದ. ಅಲ್ಲಿ ಆ ಪೆಟ್ಟಿಗೆಯಲ್ಲಿ ಕೋಳಿ ಕಾವು ಕೂಡುತ್ತಿತ್ತು ಎಂದು ಕೇಳಿದ್ದೆವು. ಇಲ್ಲಿ ಸತ್ತಿ ಊರಿನ ನಮ್ಮ ಮನೆಯಲ್ಲಿ ಕಬ್ಬಿಣದ ಟ್ರಂಕಿನೊಳಗೆ, ಅಜ್ಜನ ಹಳೆಯ ಧೋತರದ ತುಂಡುಗಳಲ್ಲಿ ಸುತ್ತಿದ ಪ್ಲೇಟುಗಳು ನುಸಿಗುಳಿಗೆಯ ನಡುವೆ ಮಲಗಿದ್ದವು. ತರಬಾರದೇ ಎಂದು ಅವ್ವ ಒಂದೇ ಸಲ ಕೇಳಿದ್ದು ನನಗೆ ನೆನಪಿದೆ.

"ಕೋಳಿ ಎಬಿಸಿ ಪೆಟಗಿ ಕೊಡು ಅಂತ ಮೈದುನಗ ಒಂದ ಮಾತ ಕೇಳಿದ್ರ ಏನಾಕ್ಕೈತ್ರಿ?"

"ಅವನ ಹೊಸ್ತಲಾ ನಾ ತುಳ್ಯಾಂಗಿಲ್ಲ. ನನ್ನ ಕೈಯಾಗ ಬೆರಳ ಅದಾವ ಇಲ್ಲ?"

ಬೆರಳುಗಳಿದ್ದವು, ಅದು ಖರೆ. ಅಪ್ಪ ಕಬ್ಬಿನ ಹೊಲದ ಜೊತೆಗೆ ಊರಿನ ಪಂಪಿನ ಮೋಟಾರುಗಳನ್ನು ಬಿಚ್ಚಿ ತಂತಿ ಸುತ್ತಿ ಕೊಡುತ್ತಿದ್ದ. ಆ ಬೆರಳುಗಳ ಸಂದಿಯಲ್ಲಿ ಗ್ರೀಸು ಯಾವಾಗಲೂ ಇರುತ್ತಿತ್ತು. ಅದೇ ಕೈಯಿಂದ ಶೇಂಗಾ ಚಟ್ನಿ ಕಲಸಿಕೊಂಡು ಉಣ್ಣುತ್ತಿದ್ದ, ಅದೇ ಕೈಯಿಂದ ನನಗೊಂದು ತುತ್ತು ಚಾಚುತ್ತಿದ್ದ. ನಾನು ಬಾಯಿ ಬಿಗಿ ಹಿಡಿಯುತ್ತಿದ್ದೆ. ಎಂಟು ವರ್ಷದ ಹುಡುಗಿಗೆ ಅಷ್ಟು ಹೇಸಿಗೆ ಎಲ್ಲಿಂದ ಬಂತೋ ಎಂದು ಅವ್ವ ನಗುತ್ತಿದ್ದಳು. ಎಲ್ಲಿಂದ ಬರುತ್ತದೆ? ನಮ್ಮ ಮನೆಯಲ್ಲಿ ಆಯಿ ಇದ್ದಳು. ಆಯಿ ಎಂದರೆ ಅಪ್ಪನ ತಾಯಿ. ಯಾವುದು ಎಲ್ಲಿಯವರೆಗೆ ಬರಬಹುದು, ಯಾವುದನ್ನು ಯಾವ ಹೊಸ್ತಿಲಲ್ಲಿ ತಡೆಯಬೇಕು ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಗ್ವಾದಲಿ, ಬಲಕ್ಕೆ ಕಲ್ಲಿನ ಕಟ್ಟೆ. ಅದರಾಚೆ ಪಡಸಾಲೆ, ಆಮೇಲೆ ದೇವರ ಜಗಲಿ ಇರುವ ನಡುಮನೆ, ಕೊನೆಗೆ ಅಡಿಗೆ ಮನೆ. ಎಮ್ಮೆ, ಆಕಳು, ಅವುಗಳ ಸಗಣಿ, ಉಚ್ಚೆ ಎಲ್ಲ ಮನೆಯೊಳಗೇ ಇದ್ದವು, ಅದಕ್ಕೇನೂ ಅಡ್ಡಿ ಇರಲಿಲ್ಲ. ಕೆಲವು ಮನುಷ್ಯರು ಮಾತ್ರ ಕಟ್ಟೆಯವರೆಗೆ. ಕಟ್ಟೆಯ ಮೇಲಿನ ಗೂಡಿನಲ್ಲಿ ಕಿವಿ ಮುರಿದ ಒಂದು ಚಹಾದ ಕಪ್ಪು ಇತ್ತು. ಅದು ಯಾರಿಗೆ ಎಂದು ನಾನು ಮಾತು ಕಲಿಯುವ ಮೊದಲೇ ಕಲಿತಿದ್ದೆ.

ಗ್ರಾಮೋಫೋನಿನ ಒಂದೊಂದು ಭಾಗವೂ ಮನೆಯ ಯಾವುದಾದರೂ ಒಂದು ಸಾಮಾನನ್ನು ತಿಂದೇ ಬೆಳೆಯಿತು. ಅಡಿಪಾಯಕ್ಕೆ ಭಾರ ಬೇಕೆಂದು ಅಪ್ಪ ಬೀಸುವ ಕಲ್ಲಿನ ಕೆಳಗಿನ ಹೋಳನ್ನು ಎತ್ತಿಕೊಂಡು ಹೋದ. ಗಿರಣಿ ಬಂದ ಮೇಲೂ ಅವ್ವ ಗೋಧಿಯ ರವೆಯನ್ನು ಅದರಲ್ಲೇ ಒಡೆಯುತ್ತಿದ್ದಳು. ಕಲ್ಲಿನ ನಡುವೆ ಗೂಟದ ತೂತು ಇರುತ್ತದಲ್ಲ, ಅಲ್ಲಿ ಸೈಕಲ್ಲಿನ ಹಿಂದಿನ ಗಾಲಿಯ ಹಬ್ಬನ್ನು ನೆಟ್ಟಗೆ ನಿಲ್ಲಿಸಿ ಸೀಸ ಹೊಯ್ದು ಕೂರಿಸಿದ. ಆ ಹಬ್ಬಿನ ಮೇಲೆ ಜರ್ಮನ್ ತಟ್ಟೆ. ತಟ್ಟೆಯ ಅಂಚನ್ನು ಕಾನಸಿನಿಂದ ತಿಕ್ಕಿ ತಿಕ್ಕಿ ಸಮ ಮಾಡಲು ಅವನಿಗೆ ಒಂದು ತಿಂಗಳು ಹಿಡಿಯಿತು. ಪಡಸಾಲೆಯ ತುಂಬ ಬೆಳ್ಳಗಿನ ಲೋಹದ ಪುಡಿ. ಬರಿಗಾಲಲ್ಲಿ ತುಳಿದರೆ ಚರ್ಮಕ್ಕೆ ಚುಚ್ಚಿಕೊಂಡು ಕೂಡುತ್ತಿತ್ತು. ಸೂಜಿ ಹಿಡಿಯುವ ಕೈಗೆ ಆಯಿಯ ಛತ್ರಿಯ ಕೊಳವೆ. ಅದರ ಹಿಂದಿನ ತುದಿಗೆ ತೂಕಕ್ಕೆಂದು ತುಕ್ಕು ಹಿಡಿದ ಒಂದು ಸಣ್ಣ ಕೀಲಿ, ಅಂದರೆ ಬೀಗ. ತಿರುಗಿಸಲು ಟೇಬಲ್ ಫ್ಯಾನಿನ ಮೋಟಾರು. ಸೂಜಿ ಸಿಕ್ಕಿಸುವ, ಧ್ವನಿ ಹಿಡಿಯುವ ಗುಂಡಿಯನ್ನು ನಿಪ್ಪಾಣಿಯ ಒಬ್ಬ ರೇಡಿಯೋ ರಿಪೇರಿಯವನ ಗುಜರಿ ಡಬ್ಬಿಯಿಂದ ಹೆಕ್ಕಿ ತಂದಿದ್ದ. ಅದರ ಎರಡು ತಂತಿಗಳನ್ನು ನಮ್ಮ ಹಳೆಯ ರೇಡಿಯೋದ ಹಿಂದಿನ ಎರಡು ತೂತಿಗೆ ಚುಚ್ಚಿದರೆ ಹಾಡು ರೇಡಿಯೋದಿಂದಲೇ ಬರಬೇಕು. ಮನೆಯಲ್ಲಿ ಪ್ಲಗ್ಗು ಹಾಕುವ ಜಾಗ ಇದ್ದದ್ದು ಒಂದೇ, ನಡುಮನೆಯಲ್ಲಿ, ಜಗಲಿಯ ಪಕ್ಕ. ಆದ್ದರಿಂದ ಆ ಕಲ್ಲು, ಸೀಸ, ತುಕ್ಕು, ಗ್ರೀಸಿನ ಗುಡ್ಡೆ ದೇವರ ಮಗ್ಗುಲಲ್ಲಿ ಬಂದು ಕೂತಿತು. ಆಯಿ ಊದಿನಕಡ್ಡಿಯನ್ನು ಒಂದರ ಬದಲು ಎರಡು ಹಚ್ಚತೊಡಗಿದಳು. ಗ್ರೀಸು ಮತ್ತು ಊದಿನಕಡ್ಡಿ ಕೂಡಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲ ಆದರೂ ಒಂದು ಉಳಿಯಿತು. ಮೋಟಾರಿನಿಂದ ತಟ್ಟೆಗೆ ಸುತ್ತುವ ಪಟ್ಟಾ. ಅಪ್ಪ ಮೊದಲು ಸೈಕಲ್ ಟ್ಯೂಬನ್ನು ಕತ್ತರಿಸಿ ಹಾಕಿದ. ಅದು ಹಿಗ್ಗಿ ಕುಗ್ಗಿ, ಹಾಡುವವನು ಈಯುತ್ತಿರುವ ಎಮ್ಮೆಯ ಹಾಗೆ ನರಳಿದ. ರಬ್ಬರು ಸುಟ್ಟ ವಾಸನೆಗೆ ಅವ್ವ ಸೆರಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಆಮೇಲೆ ಮೇಣ ಹಚ್ಚಿದ ನೂಲಿನ ಹುರಿ. ಹಾಡು ಸರಿಯಾಯಿತು, ಆದರೆ ಹುರಿಯ ಗಂಟು ಮೋಟಾರಿನ ಗಾಲಿಯನ್ನು ದಾಟುವಾಗೆಲ್ಲ ಥಪ್ ಎನ್ನುತ್ತಿತ್ತು. ಹಾಡಿನ ತುಂಬ ಥಪ್, ಥಪ್. ಅಂಥ ಒಂದು ಮಧ್ಯಾಹ್ನ ಪರಸಪ್ಪನವರು ಅಪ್ಪನ ಹೊಸ ಚಪ್ಪಲಿ ಕೊಡಲು ಬಂದು ಕಟ್ಟೆಯ ಮುಂದೆ ನಿಂತಿದ್ದರು.

ಪರಸಪ್ಪನವರು ನಮ್ಮೂರಿನಲ್ಲಿ ಚಪ್ಪಲಿ ಮಾಡುವವರು. ಅಥಣಿಯ ಪೇಟೆಗೂ ಅವರ ಕೈಯ ಚಪ್ಪಲಿ ಹೋಗುತ್ತಿದ್ದವು. ಈಗ ಬರೆಯುವಾಗ ‘ಅವರು’ ಎನ್ನುತ್ತಿದ್ದೇನೆ. ಆಗ ಅಪ್ಪನಿಗಿಂತ ಹಿರಿಯರಾದ ಅವರನ್ನು ನಾನು, ಎಂಟು ವರ್ಷದವಳು, ಪಡಸಾಲೆಯಿಂದ "ಏ ಪರಸ್ಯಾ, ಅಪ್ಪ ಇಲ್ಲ, ಆಮ್ಯಾಲ ಬಾ" ಎಂದು ಕೂಗುತ್ತಿದ್ದೆ. ಅದು ತಪ್ಪು ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಅವರು ನನಗೆ ‘ರಿ’ ಹಚ್ಚಿ ಮಾತಾಡುತ್ತಿದ್ದರು.

"ಸಾವಕಾರ್ರ, ಒಳಗ ಏನೋ ಗಂಟ ಬಡ್ಯಾಕತ್ತೈತ್ರಿ."

"ಹೌದ ನೋಡ್ಲೇ. ಗಂಟ ಇಲ್ಲದ ಪಟ್ಟಾ ಎಲ್ಲಿ ಸಿಗ್ತೈತಿ?"

"ತೊಗಲಿಂದ ಆಗ್ತೈತ್ರಿ. ಎರಡೂ ತುದಿ ಹೆರದು ಹೆರದು ಈರುಳ್ಳಿ ಸಿಪ್ಪಿ ಮಾಡಿ ಒಂದರ ಮ್ಯಾಲ ಒಂದ ಅಂಟಿಸಿದ್ರ, ಬೆರಳಿಗೂ ಗೊತ್ತಾಗಂಗಿಲ್ಲ." ಆಮೇಲೆ ಕೇಳಿದರು, "ಹಾಡ ಯಾವ್ದರಿ ಅದು?"

ಅಪ್ಪ ಪ್ಲೇಟನ್ನು ತಂದು ನಡುವಿನ ಕೆಂಪು ಕಾಗದವನ್ನು ಓದಿದ. ತೆಲಸಂಗದ ಕಡೆಯ ಒಂದು ಲಾವಣಿ ಮೇಳ. ಹಾಡಿದವನ ಹೆಸರಿತ್ತು. ದಪ್ಪು, ತಾಳ ಎಂದು ವಾದ್ಯ ಬಾರಿಸಿದ ಮಿಕ್ಕವರ ಹೆಸರಿರಲಿಲ್ಲ. ಪರಸಪ್ಪನವರು ಕೈಯಲ್ಲಿದ್ದ ಚಪ್ಪಲಿಗಳನ್ನು ನೆಲಕ್ಕಿಟ್ಟು, ಕೈಗಳನ್ನು ಧೋತರಕ್ಕೆ ಒರೆಸಿಕೊಂಡರು, ಮುಟ್ಟುವುದಕ್ಕೇನೂ ಇರದಿದ್ದರೂ.

"ಈ ಮೇಳದಾಗ ದಪ್ಪ ಬಾರಸ್ತಿದ್ದಾವ ನಮ್ಮಪ್ಪರಿ. ರೈಲ ಹತ್ತಿ ಹೋಗಿ ಹಾಡಿ ಬಂದಿದ್ರಂತ. ನಾ ತೊಟ್ಟಿಲದಾಗ ಇದ್ದಾಗನ ಸತ್ತಾನ್ರಿ ಅವ."

"ಖರೇನಲೇ? ಮತ್ತ ನಮ್ಮಪ್ಪ ಇದನ್ನ ಎಷ್ಟ ಸರ್ತಿ ಹಚ್ಚಿಲ್ಲ! ಕೇಳಿರಬೇಕಲ್ಲ ನೀ?"

"ಪಡಸಾಲ್ಯಾಗ ಹಚ್ಚತಿದ್ರರಿ. ನಾವು ಬೀದ್ಯಾಗ. ಮಂದಿ ಗದ್ದಲದಾಗ ಏನ ಕೇಳ್ತೈತ್ರಿ? ಮೊದಲನೇ ನುಡಿ ಮುಗದ ಮ್ಯಾಲ ಹಾಡೋರು ಸುಮ್ನಾಗ್ತಾರಂತ. ಅಲ್ಲಿ ನಮ್ಮಪ್ಪನ ದಪ್ಪ ಒಂದ ಬಡೀತೈತಂತ. ಕೇಳಿದೋರು ಹೇಳ್ತಾರ. ಈ ಗಂಟಿನ ಬಡತದಾಗ ಅದ ಗೊತ್ತಾಗಂಗಿಲ್ರಿ." ಮತ್ತೆ ಹೇಳಿದರು, "ಪಟ್ಟಾ ನಾ ಮಾಡ್ತೇನ್ರಿ. ನನಗೇನೂ ಕೊಡಬ್ಯಾಡ್ರಿ. ಆ ಪ್ಲೇಟ ಒಂದ ಸರ್ತಿ ಹಚ್ಚರಿ. ಇಲ್ಲೇ ಕಟ್ಟಿಮ್ಯಾಲ ಕುಂತ ಕೇಳಿ ಹೋಗ್ತೇನಿ."

ಅಪ್ಪ ಹೂಂ ಅಂದ. ಅಪ್ಪನಿಗೆ ಅದರಲ್ಲಿ ದೊಡ್ಡದೇನೂ ಕಾಣಲಿಲ್ಲ. ಪಟ್ಟಾ ಸಿಕ್ಕಿತಲ್ಲ ಎಂಬುದಷ್ಟೇ ಅವನ ಮುಖದಲ್ಲಿತ್ತು. ಹೊಸ ಪಟ್ಟಾ ಹಾಕಿ ಮೊದಲು ಆ ಲಾವಣಿಯ ಪ್ಲೇಟನ್ನೇ ಶ್ರಾವಣದ ಮೊದಲ ಸೋಮವಾರ ಎಲ್ಲರನ್ನೂ ಕರೆದು ಹಚ್ಚುವುದು ಎಂದು ನಿಶ್ಚಯವಾಯಿತು.

ಅಳತೆಯ ನೂಲನ್ನು ಕೊಟ್ಟು ಬರಲು ಅಪ್ಪ ನನ್ನನ್ನು ಪರಸಪ್ಪನವರ ಮನೆಗೆ ಕಳಿಸಿದ. ಊರ ಅಂಚಿನಲ್ಲಿ, ಹಳ್ಳದ ಬದಿಗೆ ಅವರ ಮನೆ. ಅಂಗಳದಲ್ಲಿ ಜಾಲಿಯ ತೊಗಟೆಯ ನೀರು ತುಂಬಿದ ಕುಣಿ, ಅದರಲ್ಲಿ ನೆನೆದ ತೊಗಲು. ಆ ವಾಸನೆಯನ್ನು ವರ್ಣಿಸಲು ನನಗೆ ಇವತ್ತೂ ಮನಸ್ಸಿಲ್ಲ. ಹುಳಿ, ಕಮಟು, ಹಸಿ ಮಾಂಸ, ಕೊಳೆತ ಎಲೆ, ಎಲ್ಲ ಬೆರೆತು ಗಂಟಲಿನ ಹಿಂಭಾಗಕ್ಕೆ ಹೋಗಿ ಹತ್ತುತ್ತಿತ್ತು. ಲಂಗದ ಅಂಚನ್ನು ಎತ್ತಿ ಮೂಗಿಗೆ ಒತ್ತಿಕೊಂಡೆ. ನೊಣಗಳು ತೊಗಲಿನಿಂದ ಎದ್ದು ಬಂದು ನನ್ನ ತುಟಿಯ ಮೇಲೆ ಕೂತವು. ಮುಂಜಾನೆ ಉಂಡ ರೊಟ್ಟಿ ಮೇಲಕ್ಕೆ ಬಂತು. ಪರಸಪ್ಪನವರು ಉಳಿ ಕೆಳಗಿಟ್ಟು ಎದ್ದರು.

"ತಂಗೆವ್ವಾ, ಗಾಳಿ ಈ ಕಡಿಂದ ಬೀಸತೈತಿ. ನೀವು ಆ ಬೇವಿನ ಗಿಡದ ಕಡೆ ನಿಂದರ್ರಿ. ಅಲ್ಲಿ ಬರಂಗಿಲ್ಲ."

ನಾನು ನಿಲ್ಲಲಿಲ್ಲ. ನೂಲನ್ನು ಕಲ್ಲಿನ ಮೇಲೆ ಎಸೆದು ಓಡಿ ಬಂದೆ. ಬಂದವಳೇ ಬಚ್ಚಲಲ್ಲಿ ಕಾಲು ಮುಖ ತೊಳೆದೆ, ಸಾಲದೆ ಮೂಗಿನೊಳಗೂ ನೀರು ಹಾಕಿಕೊಂಡೆ. ಆಯಿ ನೋಡಿ ಮೆಚ್ಚಿದಳು.

"ನನ್ನ ಮೊಮ್ಮಗಳ ಅಂದ್ರ ಮೊಮ್ಮಗಳು!"

ಪಟ್ಟಾ ತಯಾರಾದದ್ದು ಸೋಮವಾರದ ಹಿಂದಿನ ದಿನ. ಅಪ್ಪ ಹೊಲದಲ್ಲಿದ್ದ, ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪರಸಪ್ಪನವರು ಕಟ್ಟೆಯ ಕೆಳಗೆ ನಿಂತು ಎರಡು ಕೈಯಿಂದ ಅದನ್ನು ನನಗೆ ತೋರಿಸಿದರು. ಆಡಿನ ಚರ್ಮ, ಬೆರಳಗಲ, ಮುಂಜಾವಿನ ಕೆನೆಯ ಬಣ್ಣ. ಜೋಡಿಸಿದ್ದು ಎಲ್ಲಿ ಎಂದು ಹುಡುಕಿದೆ. ಕಾಣಲಿಲ್ಲ.

"ಇಲ್ಲೈತಿ ನೋಡ್ರಿ," ಎಂದು ಒಂದು ಕಡೆ ಹೆಬ್ಬೆರಳಿಟ್ಟರು. ಅಲ್ಲೂ ಕಾಣಲಿಲ್ಲ. ಅವರು ನಕ್ಕರು. "ತಂಗೆವ್ವಾ, ಅಪ್ಪಾರಿಗೆ ಒಂದ ಮಾತ ಹೇಳ್ರಿ. ಇದಕ್ಕ ನೀರ ಮಾತ್ರ ತೋರಿಸಬ್ಯಾಡ್ರಿ ಅಂತ. ಬಿಸಲಿಗೂ ಬ್ಯಾಡ, ಒಲಿಗೂ ಬ್ಯಾಡ. ಹಿಂಗ ಐತಿ, ಹಿಂಗ ಹಚ್ಚಬೇಕು. ನೆನಪ ಇಡ್ತೀರಿಲ್ಲ?"

ನಾನು ತಲೆ ಆಡಿಸಿದೆ. ಪಟ್ಟಾವನ್ನು ಕೈಯಿಂದ ಕೈಗೆ ಕೊಡುವ ರೂಢಿ ಇರಲಿಲ್ಲ. ಅವರು ಅದನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ನಾನು ಒಂದು ಕಡ್ಡಿಯಿಂದ ಎತ್ತಿಕೊಂಡೆ. ಹಾವಿನ ಪೊರೆಯ ಹಾಗೆ ಜೋತಾಡುತ್ತಿತ್ತು. ಅವರು ಇನ್ನೂ ಅಲ್ಲೇ ನಿಂತಿದ್ದರು, ನೋಡುತ್ತಿದ್ದರು.

ಆಯಿ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಕಡ್ಡಿಯನ್ನೂ ಪಟ್ಟಾವನ್ನೂ ನೋಡಿದಳು.

"ತೊಗಲ ಜಗಲಿ ಮುಂದ ತಿರಗತೈತೇನ ಇನ್ನ? ಅದೂ ಶ್ರಾವಣದಾಗ? ಇವಗ ದೇವರ ಬುದ್ಧಿ ಕೊಡ್ಲಿ. ಏ ಶೋಭೀ, ಅದರ ಮ್ಯಾಲ ಒಂದೀಟ ಗೋಮೂತ್ರ ಚಿಮುಕಿಸಿ, ಅರಿಷಿಣ ಮುಟ್ಟಿಸಿ ಒಳಗ ತಾ."

ಚಿಮುಕಿಸು ಎಂದಳು ಆಯಿ. ಬೆರಳನ್ನು ಅದ್ದಿ ನಾಲ್ಕು ಹನಿ. ಅಷ್ಟಕ್ಕೆ ಆಯಿಯ ದೇವರು ಒಪ್ಪುತ್ತಿದ್ದ. ಒಪ್ಪದವಳು ನಾನು. ಕಡ್ಡಿಯ ತುದಿಯಿಂದ ಆ ಕುಣಿಯ ವಾಸನೆ ಸಣ್ಣಗೆ ಬರುತ್ತಿತ್ತು, ಅಥವಾ ಬರುತ್ತಿದೆ ಎಂದು ನನಗೆ ಅನಿಸುತ್ತಿತ್ತು. ಗ್ವಾದಲಿಗೆ ಹೋಗಿ ಆಕಳು ಉಚ್ಚೆ ಹೊಯ್ಯುವವರೆಗೂ ಚರಿಗೆ ಹಿಡಿದು ಕಾದೆ. ಚರಿಗೆ ತುಂಬಿತು. ಅದಕ್ಕೆ ಎರಡು ಹಿಡಿ ಅರಿಷಿಣ ಹಾಕಿ ಕಲಕಿದೆ. ಪಟ್ಟಾವನ್ನು ಅದರಲ್ಲಿ ಮುಳುಗಿಸಿ ಕಡ್ಡಿಯಿಂದ ಒತ್ತಿ ಹಿಡಿದೆ. ಗುಳುಗುಳು ಎಂದು ಗುಳ್ಳೆ ಬಂದವು. ಹೊರಗೆ ತೆಗೆದು ಮೂಸಿದೆ. ವಾಸನೆ ಹೋಗಿರಲಿಲ್ಲ, ಇನ್ನೂ ಜೋರಾಗಿತ್ತು. ತೊಗಲು ನೆನೆದರೆ ವಾಸನೆ ಏಳುತ್ತದೆ ಎಂದು ನನಗೇನು ಗೊತ್ತು? ಬಚ್ಚಲಿಗೆ ಒಯ್ದು ಬಿಸಿನೀರು ಹೊಯ್ದು, ಸೀಗೆಪುಡಿ ಹಾಕಿ, ಹಾಳು ಬಟ್ಟೆಯಲ್ಲಿ ಹಿಡಿದು ಕಲ್ಲಿಗೆ ತಿಕ್ಕಿದೆ. ಮತ್ತೆ ಗೋಮೂತ್ರ, ಮತ್ತೆ ಅರಿಷಿಣ. ಮೂರನೇ ಸಲಕ್ಕೆ ಬಟ್ಟೆ ಬಿಟ್ಟು ಬರಿಗೈಯಿಂದಲೇ ತಿಕ್ಕಿದೆ, ಯಾಕೆಂದರೆ ಆ ಹೊತ್ತಿಗೆ ಹೇಸಿಗೆ ಸಿಟ್ಟಾಗಿತ್ತು. ಹೊರಗೆ ಜಿಟಿಜಿಟಿ ಮಳೆ, ಬಿಸಿಲಿರಲಿಲ್ಲ. ಒಲೆಯ ಬಾಯಿಯ ಪಕ್ಕ, ಕೆಂಡದ ಕಾವಿಗೆ ಹರವಿದೆ. ಸಂಜೆಗೆ ಒಣಗಿತ್ತು. ಹಳದಿಯಾಗಿ, ಸೆಟೆದು, ಹಪ್ಪಳದ ಹಾಗೆ. ಅಪ್ಪ ಬಂದು ಕೇಳಿದ.

"ಪಟ್ಟಾ ಕೊಟ್ಟ ಹೋದ್ನೇನ ಪರಸ್ಯಾ? ಏನರ ಹೇಳಿದ್ನೇನ?"

"ಏನೂ ಹೇಳಿಲ್ಲ," ಎಂದೆ.

ಮರುದಿನ ಮಧ್ಯಾಹ್ನ ಉಪವಾಸದ ಸಾಬುದಾನಿ ತಿಂದು ಎಲ್ಲರೂ ನಡುಮನೆಯಲ್ಲಿ ಕೂತರು. ಓಣಿಯ ಏಳೆಂಟು ಜನ ಪಡಸಾಲೆಯಲ್ಲಿ. ಪರಸಪ್ಪನವರು ತೊಳೆದ ಧೋತರ, ತಲೆಗೆ ಪಟಗಾ ಸುತ್ತಿಕೊಂಡು ಬಂದು ಕಟ್ಟೆಯ ಅಂಚಿಗೆ ಕೂತರು. ಅಲ್ಲಿಂದ ಯಂತ್ರ ಕಾಣುತ್ತಿರಲಿಲ್ಲ, ಎರಡು ಬಾಗಿಲು ದಾಟಿ ಧ್ವನಿ ಮಾತ್ರ ಹೋಗಬೇಕು. ನಾನು ಗೂಡಿನ ಕಪ್ಪಿಗೆ ಮೇಲಿನಿಂದ ಚಹಾ ಹೊಯ್ದು ಬಂದೆ. ಅವರು ಕುಡಿಯಲಿಲ್ಲ. ಪಕ್ಕಕ್ಕಿಟ್ಟರು, ಕುಡಿಯುವ ಸಪ್ಪಳವೂ ಆಗಬಾರದು ಎಂಬಂತೆ.

ಪಟ್ಟಾ ಕೂಡಲಿಲ್ಲ. ಗೇಣುದ್ದದಷ್ಟು ಗಿಡ್ಡವಾಗಿತ್ತು. ಅಪ್ಪ ಬೈಯುತ್ತ ಮೋಟಾರಿನ ಬೋಲ್ಟು ಸಡಿಲಿಸಿ ಒಳಗೆ ಸರಿಸಿದ, ಸಾಲದೆ ಸ್ಕ್ರೂಡ್ರೈವರಿನಿಂದ ಮೀಟಿ ಮೀಟಿ ತಟ್ಟೆಗೆ ಏರಿಸಿದ. ತಟ್ಟೆ ಮೋಟಾರಿನ ಕಡೆಗೆ ವಾಲಿತು. ಬಟನ್ ಒತ್ತಿದ. ತಿರುಗಿತು. ಸೂಜಿ ಇಳಿಸಿದ. ಕರಕರ ಎಂದು ಶುರುವಾಗಿ, ಒಬ್ಬ ಗಂಡಸು ಕಂಠ ಎತ್ತಿ ಹಾಡತೊಡಗಿದ. ಧ್ವನಿ ಹೊಯ್ದಾಡುತ್ತ ಬರುತ್ತಿತ್ತು, ಮೇಲೆ ಹೋಗಿ ಕೆಳಗೆ ಬೀಳುತ್ತಿತ್ತು. ಆದರೂ ಅದು ಹಾಡು. ಆಯಿ ಕಣ್ಣು ಮುಚ್ಚಿ ತಲೆ ತೂಗಿದಳು. ಪ್ಲೇಟಿನೊಳಗಿನ ದಪ್ಪಿನ ತೊಗಲು ಜಗಲಿಯ ಮುಂದೆ ಬಾರಿಸಿದರೆ ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ನಾನು ಹೊಸ್ತಿಲ ಹತ್ತಿರ ನಿಂತಿದ್ದೆ. ನನಗೆ ಎರಡೂ ಕಡೆ ಕಾಣುತ್ತಿತ್ತು. ಪರಸಪ್ಪನವರು ಮುಂದಕ್ಕೆ ಬಾಗಿ, ಒಂದು ಕಿವಿಯನ್ನು ಬಾಗಿಲ ಕಡೆಗೆ ಮಾಡಿಕೊಂಡು, ಬಲಗೈಯ ಬೆರಳುಗಳನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದರು. ಮೊದಲನೇ ನುಡಿ ಮುಗಿಯುತ್ತ ಬಂತು. ಹಾಡುವವನು ಕೊನೆಯ ಅಕ್ಷರವನ್ನು ಎಳೆದ. ಪರಸಪ್ಪನವರ ಬೆರಳು ಎದ್ದವು.

ಪಟ್ಟಾ ಹರಿಯಿತು. ಚಾಟಿಯ ಹಾಗೆ ಎದ್ದು ಛತ್ರಿಯ ಕೈಗೆ ಬಡಿಯಿತು. ಕೀಲಿಯ ತೂಕ ಕಳಚಿ ಪ್ಲೇಟಿನ ಮೇಲೆಯೇ ಬಿತ್ತು. ಹಂಚು ಒಡೆದ ಸಪ್ಪಳ. ಪ್ಲೇಟು ನಾಲ್ಕು ಹೋಳಾಗಿ, ಇನ್ನೂ ತಿರುಗುತ್ತಿದ್ದ ತಟ್ಟೆಯಿಂದ ಒಂದೊಂದಾಗಿ ಜಾರಿ ನೆಲಕ್ಕೆ ಬಿತ್ತು. ರೇಡಿಯೋ ಗುಂಯ್ ಎನ್ನುತ್ತಲೇ ಇತ್ತು.

ಅಪ್ಪ ಹರಿದ ಪಟ್ಟಾವನ್ನು ಎತ್ತಿಕೊಂಡು ಪಡಸಾಲೆ ದಾಟಿ ಕಟ್ಟೆಗೆ ಬಂದ. ಎಲ್ಲರ ಎದುರಿಗೆ ಅದನ್ನು ಪರಸಪ್ಪನವರ ಮುಂದೆ ಬೀಸಾಡಿದ.

"ಇದೇನಲೇ ನೀ ಮಾಡಿದ ಪಟ್ಟಾ? ಬೆರಳಿಗೂ ಗೊತ್ತಾಗಂಗಿಲ್ಲ ಅಂತಿದ್ದಿ? ಅಪ್ಪನ ಕಾಲದ ಪ್ಲೇಟ ಹಾಳ ಮಾಡಿದ್ಯಲ್ಲೋ! ಬಿಟ್ಟಿ ಕೆಲಸ ಅಂತ ಹಳಸಿದ ತೊಗಲ ತಂದ ಹಚ್ಚಿದಿ ಹೌದಿಲ್ಲೋ?"

ಪರಸಪ್ಪನವರು ಪಟ್ಟಾವನ್ನು ಎತ್ತಿಕೊಂಡರು. ಬಾಗಿಸಿದರು, ಅದು ಬಾಗದೆ ಟಕ್ ಎಂದಿತು. ಮೂಗಿನ ಹತ್ತಿರ ತಂದರು. ಹೆಬ್ಬೆರಳಿನಿಂದ ಉಜ್ಜಿ ಆ ಹೆಬ್ಬೆರಳನ್ನು ನೋಡಿಕೊಂಡರು. ಆಮೇಲೆ ತಲೆ ಎತ್ತಿ ಅಪ್ಪನನ್ನಲ್ಲ, ನನ್ನನ್ನು ನೋಡಿದರು. ನಾನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದೆ. ಹತ್ತೂ ಬೆರಳು ಹಳದಿ. ಉಗುರ ಸಂದಿಯಲ್ಲೂ ಹಳದಿ. ಕೈಯನ್ನು ಹಿಂದಕ್ಕೆ ಒಯ್ದೆ. ಒಯ್ದದ್ದನ್ನೂ ಅವರು ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಿದರೆ ಅಪ್ಪ ನನ್ನನ್ನು ಹೊಡೆಯುತ್ತಿದ್ದ, ಅಷ್ಟೇ. ಒಂದು ಹೊಡೆತ.

"ಇರಬೇಕ್ರಿ ಸಾವಕಾರ್ರ," ಎಂದರು. "ನನ್ನ ಕೈ ತಪ್ಪ ಇರಬೇಕು."

ಆಮೇಲೆ ಕೇಳಿದರು, "ಆ ಚೂರ ನನಗ ಒಯ್ಯಾಕ ಕೊಡ್ತೀರಿ?"

"ಒಯ್ಯ, ಒಯ್ದು ನೆಕ್ಕ," ಎಂದ ಅಪ್ಪ.

ಚೂರುಗಳನ್ನು ಆಯ್ದು ತಂದು ಕೊಡುವ ಕೆಲಸವೂ ನನಗೇ ಬಂತು. ಅವರು ತಲೆಯ ಪಟಗಾ ಬಿಚ್ಚಿ ಎರಡು ಕೈಯಲ್ಲಿ ಅಗಲವಾಗಿ ಹಿಡಿದರು. ನಾನು ಮೇಲಿನಿಂದ, ಮುಟ್ಟದ ಹಾಗೆ, ಒಂದೊಂದೇ ಚೂರನ್ನು ಬಿಟ್ಟೆ. ನಾಲ್ಕನೆಯದು ತಪ್ಪಿ ಕಲ್ಲಿಗೆ ಬಿದ್ದು ಮತ್ತೆ ಎರಡಾಯಿತು. ಅವರು ಕೂತು ಅದನ್ನೂ ಆರಿಸಿಕೊಂಡರು. ಗಂಟು ಕಟ್ಟುತ್ತ, ತಲೆ ಎತ್ತದೆ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಕೈ ತೊಳಕೋರಿ, ತಂಗೆವ್ವಾ."

ಅವರು ಹೋದ ಮೇಲೆ ಆಯಿ ಕಟ್ಟೆಗೆ ಎರಡು ಕೊಡ ನೀರು ಹೊಡೆಯಲು ಹೇಳಿದಳು. ಹೊಡೆದೆ. ಅವ್ವ ಬಂದು ನನ್ನ ಮಣಿಕಟ್ಟು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ನೀ ತೊಳದೇನ ಅದನ?"

"ಆಯಿ ಹೇಳಿದ್ಳು."

"ಆಯಿ ಚಿಮುಕ್ಸು ಅಂದಿದ್ದಳು. ಹಿತ್ತಲಾಗ ಕೇಳಿದೆ ನಾ." ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಬಿಟ್ಟಳು. "ಸುಮ್ನಿರು. ಅಪ್ಪಗ ಹೇಳಬ್ಯಾಡ."

ಅವ್ವ ಒಳ್ಳೆಯವಳು. ಆ ಮನೆಯಲ್ಲಿ ಅವಳಷ್ಟು ಒಳ್ಳೆಯವರು ಇರಲಿಲ್ಲ. ಅದನ್ನು ನೆನೆದರೆ ನನಗೆ ಇನ್ನೂ ಹೇಸಿಗೆಯಾಗುತ್ತದೆ.

ಅಪ್ಪ ಆ ವಾರವೇ ನೈಲಾನ್ ದಾರವನ್ನು ಕಾಸಿ ಬೆಸೆದು ಪಟ್ಟಾ ಮಾಡಿದ. ಯಂತ್ರ ಚೆನ್ನಾಗಿ ತಿರುಗಿತು. ಟ್ರಂಕಿನ ಮಿಕ್ಕ ಪ್ಲೇಟುಗಳನ್ನು ನಾವು ವರ್ಷಗಟ್ಟಲೆ ಕೇಳಿದೆವು, ಶೇಂಗಾ ಬಿಡಿಸುತ್ತ, ಶಾವಿಗೆ ಹೊಸೆಯುತ್ತ. ಪರಸಪ್ಪನವರು ಮೊದಲಿನ ಹಾಗೇ ಚಪ್ಪಲಿ ತಂದು ಕೊಡುತ್ತಿದ್ದರು. ಹಾಡು ಹಚ್ಚಿದ್ದರೆ ಮಾತ್ರ ಕೂಡುತ್ತಿರಲಿಲ್ಲ. ನಾನು ಲಗ್ನವಾಗಿ ಚಿಕ್ಕೋಡಿಗೆ ಬಂದ ಮೂರನೇ ವರ್ಷ ಅವರು ಹೋದರು ಎಂದು ಅವ್ವ ಯಾವುದೋ ಮಾತಿನ ನಡುವೆ, ಉಪ್ಪಿನಕಾಯಿಗೆ ಮಾವು ಹೆಚ್ಚುತ್ತ ಹೇಳಿದಳು. ನಾನು ಹೂಂ ಎಂದು ಹೋಳುಗಳಿಗೆ ಉಪ್ಪು ಸವರಿದೆ.

ಈಗ ಆ ಯಂತ್ರ ನನ್ನ ತಮ್ಮನ ಮನೆಯಲ್ಲಿದೆ. ಹೋದ ವರ್ಷ ಅವನು ಅಥಣಿಯಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತು ಶಾಂತಿ ಮಾಡಿದ. ಮನೆಯ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಮೇಲೆ ಸಣ್ಣ ಲೈಟು ಹಾಕಿಸಿ ಅದನ್ನು ಇಟ್ಟಿದ್ದಾನೆ. ಬೀಸುವ ಕಲ್ಲು, ಜರ್ಮನ್ ತಟ್ಟೆ, ಆಯಿಯ ಛತ್ರಿಯ ಕೊಳವೆ, ಕೀಲಿ. ಪಾಲಿಶ್ ಹೊಡೆಸಿದ್ದಾನೆ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ತಮ್ಮ ಕೈಯಲ್ಲಿ ಜಿಲೇಬಿಯ ತಾಟು ಹಿಡಿದುಕೊಂಡು ಕತೆ ಹೇಳುತ್ತಿದ್ದ. ಆ ಸೋಮವಾರ ಅವನು ತೊಟ್ಟಿಲಲ್ಲಿದ್ದ. ಕತೆ ಅವನಿಗೆ ಅಪ್ಪನಿಂದ ಬಂದದ್ದು.

"ಎಲ್ಲಾ ನಮ್ಮಪ್ಪ ಕೈಲೆ ಮಾಡಿದ್ದರಿ. ಒಂದ ಪಟ್ಟಾ ಅಷ್ಟ ಊರಾನ ಒಬ್ಬಾಂವ ಮಾಡಿ ಕೊಟ್ಟಿದ್ನಂತ. ಒಂದ ನುಡಿ ಮುಗಿಯೂತನಕ ತಡೀಲಿಲ್ಲ ನೋಡ್ರಿ, ಪಟ್ ಅಂತ ಹರದು, ಅಜ್ಜನ ಪ್ಲೇಟ ಚೂರಚೂರ!"

ಮಂದಿ ನಕ್ಕರು. ನಲವತ್ತು ವರ್ಷದಿಂದ ನಗುತ್ತಿದ್ದಾರೆ, ನಾನೂ ಅಲ್ಲೇ ಕೂತಿರುತ್ತೇನೆ. ಅವತ್ತು ಜಿಲೇಬಿಯ ತಟ್ಟೆಯನ್ನು ಕೆಳಗಿಟ್ಟೆ. ಎದ್ದು ನಿಂತು ಹೇಳಿದೆ.

"ಪಟ್ಟಾ ಛಲೋ ಇತ್ತು. ಹಾಳ ಮಾಡಿದಾಕಿ ನಾನು."

ತಮ್ಮ ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಎಲ್ಲರ ಕಡೆ ತಿರುಗಿ ಇನ್ನೂ ಜೋರಾಗಿ ನಕ್ಕ.

"ನಮ್ಮಕ್ಕ ಹಿಂಗರಿ. ಯಾರದರ ತಪ್ಪಿರಲಿ, ತನ್ನ ಮ್ಯಾಲ ಹಾಕ್ಕೋತಾಳ. ಸಣ್ಣಾಕಿ ಇದ್ದಾಗಿಂದ ಇಷ್ಟ ಮೆತ್ತಗ!"

ತಮ್ಮನ ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಜಿಲೇಬಿ ಹಾಕಿದಳು. ಯಾರೋ ಹೆಣ್ಣುಮಗಳು ಎಂಥ ಒಳ್ಳೆಯ ಮನಸ್ಸು ಎಂದು ನನ್ನ ಭುಜ ಸವರಿದಳು. ಅವಳ ಕೈಯನ್ನು ಕೊಡವಿ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಹೊರಗೆ ಬಂದಾಗ ಮಾತು ಟೈಲ್ಸಿನ ಮೇಲೆ ಹೋಗಿತ್ತು.

ಬಾಯಿಂದ ಹೇಳಿದ್ದು ಹೀಗಾಯಿತು. ಅದಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ. ಪಟ್ಟಾಕ್ಕೆ ನೀರು ತೋರಿಸಬೇಡಿ, ಒಲೆಗೆ ಹಿಡಿಯಬೇಡಿ ಎಂದು ಪರಸಪ್ಪನವರು ಹೇಳಿದ್ದರು. ನಮ್ಮ ಕಟ್ಟೆಯ ಕೆಳಗೆ ನಿಂತು, ನಿಧಾನವಾಗಿ, ನೆನಪಿಡುತ್ತೀರಲ್ಲ ಎಂದು ಕೇಳಿ ಹೇಳಿದ್ದರು. ನನಗೆ ಕೇಳಿಸಿತ್ತು.